ಕೆಂಪು ಚೀಟಿ ಇಲ್ಲದ ವಾಲ್ವು

ಹೋದ ವಾರ ಎಲೆಕ್ಟ್ರಾನಿಕ್ ಸಿಟಿಯ ಒಂದು ಕಟ್ಟಡದಲ್ಲಿ ಇಂಟರ್ನೆಟ್ ನಿಂತುಹೋಗಿದೆ ಎಂದು ದೂರು ಬಂತು. ಹೋಗಿ ನೆಲಮಾಳಿಗೆಯ ಕಬ್ಬಿಣದ ಬೀರುವಿನ ಬಾಗಿಲು ತೆಗೆದೆ. ಬಿಸಿಗಾಳಿ ಮುಖಕ್ಕೆ ಬಡಿಯಿತು. ಕಾದ ಧೂಳು, ಕಾದ ತಗಡು, ಜೊತೆಗೆ ಎಲೆಕ್ಟ್ರಾನಿಕ್ ಬೋರ್ಡುಗಳು ಬಿಸಿಯಾದಾಗ ಬರುವ ಅರಗಿನಂತಹ ಸಣ್ಣ ವಾಸನೆ. ಆ ವಾಸನೆ ಬಂದರೆ ನನಗೆ ಪೀಣ್ಯ ನೆನಪಾಗುತ್ತದೆ. ಪೀಣ್ಯ ನೆನಪಾದರೆ ಶಿವಲೀಲಕ್ಕ, ಶಿವಲೀಲಕ್ಕ ನೆನಪಾದರೆ ನಾಚಿಕೆ. ಇಷ್ಟು ವರ್ಷವಾದರೂ ಆ ಕ್ರಮ ತಪ್ಪಿಲ್ಲ.

ಬೀರುವಿನೊಳಗೆ ಇದ್ದದ್ದು ನಾವು ಚಾಸಿ ಎನ್ನುವ ತಗಡಿನ ಡಬ್ಬ. ಒಂದು ಬಡಾವಣೆಯ ಫೋನು, ಇಂಟರ್ನೆಟ್ಟು ಎಲ್ಲ ಬಂದು ದೊಡ್ಡ ಜಾಲಕ್ಕೆ ಸೇರಿಕೊಳ್ಳುವ ಜಾಗ ಅದು. ಕಪಾಟಿನಲ್ಲಿ ಪುಸ್ತಕ ನಿಲ್ಲಿಸಿದ ಹಾಗೆ ಅದರೊಳಗೆ ಸಾಲಾಗಿ ಬೋರ್ಡುಗಳು ನಿಂತಿರುತ್ತವೆ. ಅವಕ್ಕೆ ಕಾರ್ಡು ಎಂದು ಹೆಸರು, ಪ್ರತಿ ಕಾರ್ಡು ಕೂರುವ ಗೂಡಿಗೆ ಸ್ಲಾಟ್ ಎಂದು ಹೆಸರು. ಜನ ಹೆಚ್ಚಾದರೆ ಇನ್ನೊಂದು ಕಾರ್ಡು ಹಾಕಿಕೊಳ್ಳಬಹುದು, ಒಂದು ಕೆಟ್ಟರೆ ಉಳಿದವನ್ನು ಮುಟ್ಟದೆ ಅದೊಂದನ್ನೇ ಎಳೆದು ಬದಲಾಯಿಸಬಹುದು. ಆ ವಿನ್ಯಾಸದ ಜಾಣತನವೆಲ್ಲ ಅಷ್ಟರಲ್ಲೇ ಇದೆ.

ಇಲ್ಲಿ ಯಾರೋ ಪುಣ್ಯಾತ್ಮರು ಒಂದು ಕಾರ್ಡು ಎಳೆದುಕೊಂಡು ಹೋಗಿ ಸ್ಲಾಟಿನ ಬಾಯಿ ತೆರೆದೇ ಬಿಟ್ಟಿದ್ದರು. ಕೆಳಗಿನ ಫ್ಯಾನು ಮೇಲಕ್ಕೆ ಊದುವ ಗಾಳಿಯೆಲ್ಲ ಆ ತೂತಿನಿಂದ ಹೊರಗೆ ಹೋಗಿ, ಪಕ್ಕದ ಕಾರ್ಡು ಕಾದು ಕಾದು ಸತ್ತಿತ್ತು. ನಾನು ಸತ್ತದ್ದನ್ನು ಬದಲಾಯಿಸಿ, ಚೀಲದಿಂದ ಒಂದು ಖಾಲಿ ತಗಡಿನ ಪಟ್ಟಿ ತೆಗೆದು ತೆರೆದ ಬಾಯಿಗೆ ಇಟ್ಟು ಸ್ಕ್ರೂ ಬಿಗಿದೆ. ಅಂತಹ ಪಟ್ಟಿ ನನ್ನ ಚೀಲದಲ್ಲಿ ಯಾವಾಗಲೂ ಇರುತ್ತದೆ. "ಖಾಲಿ ಗೂಡಂದ್ರ ಯಾರಿಗೂ ಸಂಬಂಧ ಇಲ್ಲ ಅಂತಲ್ಲ ಪವಿ. ಅದರ ಬಾಯಿ ಮುಚ್ಚಿ ಬಾ" ಎಂದು ಹೇಳಿಕೊಟ್ಟವಳು ಶಿವಲೀಲಕ್ಕ.

ಬಾಗಲಗುಂಟೆಯಲ್ಲಿ ನಮ್ಮದು ಊರು ಊರಾಗಿದ್ದ ಕಾಲದಿಂದಲೂ ಇರುವ ಮನೆ. ರಾಗಿ ಬೆಳೆಯುತ್ತಿದ್ದ ಜಾಗದಲ್ಲಿ ಅಪ್ಪ ಸಾಲಾಗಿ ಬಾಡಿಗೆ ಮನೆ ಕಟ್ಟಿಸಿದರು, ಕಟ್ಟಿಸಿದ್ದನ್ನು ಹೆಚ್ಚು ಕಾಲ ನೋಡದೆ ತೀರಿಕೊಂಡರು. ಆಮೇಲೆ ಎಲ್ಲ ಅಮ್ಮನದೇ ಆಡಳಿತ. ಅಮ್ಮನ ಹೆಸರು ಜಯಮ್ಮ, ಆದರೆ ಆ ಹೆಸರಿನಿಂದ ಯಾರೂ ಕರೆದದ್ದು ನಾನು ಕೇಳಿಲ್ಲ. ಎಲ್ಲರಿಗೂ ಓನರಮ್ಮ. ಮನೆಗಳಲ್ಲಿ ಇದ್ದವರೆಲ್ಲ ಪೀಣ್ಯದ ಕಾರ್ಖಾನೆಗಳಿಗೆ ಹೋಗುವವರು. ಸಾಲಿನ ಕೊನೆಯ ಮನೆಯಲ್ಲಿ ಬಾಗಲಕೋಟೆ ಕಡೆಯ ಗಂಡ ಹೆಂಡತಿ ಇದ್ದರು. ಗಂಡ ಮಲ್ಲಪ್ಪ ಯಾವಾಗ ನೋಡಿದರೂ ಪಾಳಿ ಮುಗಿಸಿ ಮಲಗಿರುತ್ತಿದ್ದ, ಹೆಂಡತಿ ಶಿವಲೀಲಾ ಯಾವಾಗ ನೋಡಿದರೂ ಓಡುತ್ತಿದ್ದಳು. ನನಗೆ ಅವರ ಬಗ್ಗೆ ಗೊತ್ತಿದ್ದದ್ದು ಅಷ್ಟೇ.

ಡಿಪ್ಲೊಮಾ ಮುಗಿಸಿ ಮನೆಯಲ್ಲಿ ಕೂತು ಕೂತು ಅಮ್ಮನ ಕಣ್ಣಿಗೆ ಚುಚ್ಚತೊಡಗಿದ್ದಾಗ ಪೀಣ್ಯದ ಒಂದು ಟೆಲಿಕಾಂ ಕಾರ್ಖಾನೆಯಲ್ಲಿ ಕೆಲಸ ಸಿಕ್ಕಿತು. ಮೊದಲ ದಿನ ನೀಲಿ ಕೋಟು ತೊಟ್ಟು, ಮೈಯ ವಿದ್ಯುತ್ತು ಬೋರ್ಡಿಗೆ ತಗುಲದಂತೆ ಮಣಿಕಟ್ಟಿಗೆ ಅರ್ಥಿಂಗ್ ಪಟ್ಟಿ ಕಟ್ಟಿಕೊಂಡು ಚಾಸಿ ಜೋಡಿಸುವ ಲೈನಿಗೆ ಹೋದೆ. ಹೊಸಬರಿಗೆ ಕೆಲಸ ಕಲಿಸಲು ನಿಂತಿದ್ದವಳು ಕೊನೆಯ ಮನೆಯ ಶಿವಲೀಲಾ. ನಾನು ಬಾಯಿ ಬಿಟ್ಟುಕೊಂಡು ನೋಡಿದೆ.

"ಏನ್ ನೋಡ್ತೀ? ಇಲ್ಲಿ ನಾ ಅಕ್ಕ, ನೀ ತಂಗಿ" ಎಂದು ನಕ್ಕಳು. "ಗೇಟಿನ ಆ ಕಡಿ ನೀವು ಓನರ್ ಮಗಳು, ನಾ ಬಾಡಿಗಿಯಾಕಿ. ಆತಿಲ್ಲ?"

ಆ ಮಾತನ್ನು ಅವಳು ಚಾಚೂ ತಪ್ಪದೆ ನಡೆಸಿದಳು. ಸಂಜೆ ಬಸ್ಸಿನಲ್ಲಿ ಪಕ್ಕದಲ್ಲೇ ಕೂತು "ನೀ ಊಟಕ್ಕ ಏನ್ ತಂದಿದ್ದಿ" ಎಂದು ಹರಟುವವಳು, ಬಸ್ಸು ಇಳಿದು ನಮ್ಮ ಬೀದಿಯ ತಿರುವು ಬಂದ ಕೂಡಲೇ ಎರಡು ಹೆಜ್ಜೆ ಹಿಂದೆ ಉಳಿಯುತ್ತಿದ್ದಳು. ಮನೆಯ ಗೇಟಿನ ಹತ್ತಿರ ಅಮ್ಮ ನಿಂತಿದ್ದರೆ "ಬರ್ತೀನ್ರಿ" ಎಂದು ತಲೆ ತಗ್ಗಿಸಿ ಪಕ್ಕದ ಓಣಿಯಿಂದ ತನ್ನ ಮನೆಗೆ ಹೋಗುತ್ತಿದ್ದಳು. ಮೊದಮೊದಲು ನನಗೆ ಇದು ತಮಾಷೆ ಎನಿಸಿತ್ತು. ಕೆಲವೇ ವಾರಗಳಲ್ಲಿ ನಾವು ಇಳಿಯುವ ಸ್ಟಾಪು ಹತ್ತಿರ ಬಂದರೆ ನಾನೇ ಕಿಟಕಿಯ ಕಡೆ ಮುಖ ತಿರುಗಿಸತೊಡಗಿದೆ.

ಕೆಲಸ ಮಾತ್ರ ನನಗೆ ಬಹಳ ಹಿಡಿಸಿತು. ಬರಿಯ ತಗಡಾಗಿ ಬಂದ ಚಾಸಿಗೆ ಹಳಿ ಕೂರಿಸಿ, ಬೆನ್ನಿನ ಬೋರ್ಡು ಬಿಗಿದು, ಒಂದೊಂದೇ ಕಾರ್ಡು ತಳ್ಳಿ, ದೀಪಗಳು ಹಸಿರಾಗುವುದನ್ನು ನೋಡುವುದು. ನಡುವಿನ ಎರಡು ಸ್ಲಾಟುಗಳು ಯಜಮಾನ ಕಾರ್ಡುಗಳಿಗೆ ಮೀಸಲು. ಒಂದು ಇಡೀ ಡಬ್ಬವನ್ನು ನಡೆಸುತ್ತದೆ, ಇನ್ನೊಂದು ಅದು ಯಾವಾಗ ಬಿದ್ದೀತು ಎಂದು ಕಾಯುತ್ತ ಕೂತಿರುತ್ತದೆ. ಶಿವಲೀಲಕ್ಕ ಅವಕ್ಕೆ ಅತ್ತಿ ಸೊಸಿ ಎನ್ನುತ್ತಿದ್ದಳು. ಯಜಮಾನ ಕಾರ್ಡನ್ನು ಬೇರೆ ಗೂಡಿಗೆ ತುರುಕಲು ಹೋದರೆ ಒಂದು ಪುಟ್ಟ ಪ್ಲಾಸ್ಟಿಕ್ ಗೂಟ ಅಡ್ಡ ಬಂದು ತಡೆಯುತ್ತದೆ. ಯಾರು ಎಲ್ಲಿ ಕೂರಬೇಕು ಎಂಬುದು ಆ ಡಬ್ಬದಲ್ಲಿ ಮೊದಲೇ ತೀರ್ಮಾನವಾಗಿರುತ್ತದೆ.

"ದಬ್ಬಬ್ಯಾಡ. ಅದು ತಾನ ಹೋಗತೈತಿ" ಎನ್ನುತ್ತಿದ್ದಳು. "ಮ್ಯಾಲಿನ ಹಳಿ, ಕೆಳಗಿನ ಹಳಿ, ಎರಡರಾಗೂ ಕುಂತೈತೋ ಇಲ್ಲೋ ನೋಡು. ಆಮ್ಯಾಲ ಬೆರಳ ತುದೀಲೆ ತಳ್ಳು."

ಬೆರಳ ತುದಿ ಯಾಕೆಂದರೆ, ಚಾಸಿಯ ಬೆನ್ನಿನ ಬೋರ್ಡಿನ ತುಂಬ ಸೂಜಿಗಿಂತ ಸಣ್ಣ ಪಿನ್ನುಗಳು ಇರುತ್ತವೆ. ಕಾರ್ಡು ವಾರೆಯಾಗಿ ಹೋದರೆ ಒಂದು ಪಿನ್ನು ಬಾಗುತ್ತದೆ. ಒಂದು ಬಾಗಿದರೆ ಆ ಬೆನ್ನಿನ ಬೋರ್ಡನ್ನೇ ಕಳಚಬೇಕು. ಬಾಗಿದ್ದನ್ನು ಚಿಮಟದಿಂದ ನೆಟ್ಟಗೆ ಮಾಡಿ ಯಾರಿಗೂ ಹೇಳದೆ ಮುಂದೆ ತಳ್ಳಿಬಿಡುವುದೂ ಆಗುತ್ತದೆ, ಅದು ಪರೀಕ್ಷೆಯಲ್ಲಿ ಪಾಸೂ ಆಗುತ್ತದೆ. ಆದರೆ ಒಮ್ಮೆ ಬಾಗಿ ನೆಟ್ಟಗಾದ ಪಿನ್ನಿನ ಕುತ್ತಿಗೆ ಸೋತಿರುತ್ತದೆ. ಎಂದೋ ಒಂದು ದಿನ ಯಾವುದೋ ಊರಿನ ರಸ್ತೆ ಬದಿಯ ಪೆಟ್ಟಿಗೆಯಲ್ಲಿ, ಯಾರೋ ಕಾರ್ಡು ಬದಲಾಯಿಸುವಾಗ ಅದು ಮುರಿಯುತ್ತದೆ, ಇಡೀ ಬೀದಿ ಮೂಕವಾಗುತ್ತದೆ, ಮುರಿದವನ ತಲೆಗೆ ಕಟ್ಟುತ್ತಾರೆ.

ಅದಕ್ಕೇ ನಮ್ಮ ಲೈನಿನಲ್ಲಿ ಒಂದು ಪದ್ಧತಿ ಇತ್ತು. ಪಿನ್ನು ಬಾಗಿಸಿದವರೇ ಆ ಚಾಸಿಗೆ ಒಂದು ಕೆಂಪು ಚೀಟಿ ಕಟ್ಟಬೇಕು. ಮರುದಿನ ಬೆಳಗಿನ ಮೀಟಿಂಗಿನಲ್ಲಿ ಆ ಚಾಸಿಯ ಪಕ್ಕ ನಿಂತು, ಇದು ನನ್ನ ಕೈಯಲ್ಲಿ ಬಾಗಿದ್ದು, ಹೀಗೆ ಹಿಡಿದದ್ದರಿಂದ ಬಾಗಿದ್ದು ಎಂದು ಎಲ್ಲರೆದುರು ಹೇಳಬೇಕು. ಹೇಳಿದ ಮೇಲೆ ಮುಗಿಯಿತು. ಯಾರೂ ಬಯ್ಯುವಂತಿಲ್ಲ, ಆಮೇಲೆ ಆಡಿಕೊಳ್ಳುವಂತಿಲ್ಲ. "ಪಿನ್ ಬಾಗೂದು ತಪ್ಪಲ್ಲ. ನೆಟ್ಟಗ ಮಾಡಿ ಸುಮ್ಮನ ಕುಂದ್ರೂದು ತಪ್ಪು" ಎನ್ನುವುದು ಶಿವಲೀಲಕ್ಕನ ಪಾಠ.

ನನ್ನ ಸರದಿಯೂ ಬಂತು. ಅಮ್ಮನ ಮೇಲಿನ ಯಾವುದೋ ಸಿಟ್ಟನ್ನು ಕಾರ್ಡಿನ ಮೇಲೆ ತೀರಿಸಿಕೊಂಡಿರಬೇಕು, ಒಂದು ಮಧ್ಯಾಹ್ನ ಒಳಗೆ ಕಿರ್ರ್ ಎಂದಿತು. ಚೀಟಿ ಕಟ್ಟಿದೆ. ಮರುದಿನ ಮೀಟಿಂಗಿನಲ್ಲಿ ನಿಂತು ಹೇಳಿದೆ. ಎಲ್ಲರೂ ತಲೆಯಾಡಿಸಿ ಕೆಲಸಕ್ಕೆ ಹೋದರು. ಶಿವಲೀಲಕ್ಕ ಪಕ್ಕದಲ್ಲಿ ಹಾದುಹೋಗುವಾಗ ಬೆನ್ನಿಗೆ ಮೆತ್ತಗೆ ಒಂದು ಏಟು ಕೊಟ್ಟು "ಗಟ್ಟಿ ಅದೀ" ಎಂದಳು. ಅವತ್ತು ನನಗೆ ಸಂಬಳ ಬಂದ ದಿನಕ್ಕಿಂತ ಹೆಚ್ಚು ಖುಷಿಯಾಗಿತ್ತು.

ಆ ವರ್ಷದ ಬೇಸಿಗೆ ಬಾಗಲಗುಂಟೆಯವರು ಮರೆಯುವಂಥದ್ದಲ್ಲ. ಯುಗಾದಿಗೆ ಮೊದಲೇ ನಮ್ಮ ಬೋರ್‌ವೆಲ್ ಕೆಮ್ಮಿ ಕೆಮ್ಮಿ ನಿಂತಿತು. ಕಾವೇರಿ ನೀರು ಬಂದರೆ ಬಂತು, ಇಲ್ಲದಿದ್ದರೆ ಇಲ್ಲ. ಟ್ಯಾಂಕರಿನವನಿಗೆ ಫೋನು ಮಾಡಿದರೆ ಅವನು ಮದುವೆ ಗಂಡಿನ ಹಾಗೆ ಆಡುತ್ತಿದ್ದ. ಅಮ್ಮನಿಗೆ ನೀರಿನದೇ ಚಿಂತೆ ಹತ್ತಿತು. ಅವಳು ಮದುವೆಯಾಗಿ ಬಂದಾಗ ಹೊಲದಲ್ಲಿ ಬಾವಿ ಇತ್ತು, ಬಗ್ಗಿ ಕೊಡದಲ್ಲಿ ಮೊಗೆಯುವಷ್ಟು ಮೇಲೆ ನೀರು ಇತ್ತು ಎಂದು ಹೇಳುತ್ತಿದ್ದಳು. ಆ ಬಾವಿಯನ್ನು ಮುಚ್ಚಿಸಿದ್ದು ನಾವೇ, ಈ ಸಾಲು ಮನೆಗಳ ಅಡಿಯಲ್ಲೇ ಎಲ್ಲೋ ಅದು ಇದೆ. ತಾನು ಮಾತ್ರ ಒಂದು ಚೊಂಬು ನೀರಿನಲ್ಲಿ ಮುಖ ತೊಳೆದು, ಅದೇ ನೀರನ್ನು ತುಳಸಿಗೆ ಹಾಕುತ್ತಿದ್ದಳು. ಅಮ್ಮ ಕೆಟ್ಟವಳಲ್ಲ ಎಂದು ಇಲ್ಲಿ ಬರೆಯಲೇಬೇಕು, ಮುಂದೆ ಬರೆಯುವುದಕ್ಕೆ ಇದೂ ಸೇರಬೇಕು.

ಟೆರೇಸಿನ ಟ್ಯಾಂಕಿನಿಂದ ಒಂದೊಂದು ಮನೆಗೂ ಒಂದೊಂದು ಪೈಪು, ಒಂದೊಂದಕ್ಕೂ ಕೆಂಪು ಹಿಡಿಯ ಒಂದೊಂದು ವಾಲ್ವು. ಸಾಲಾಗಿ ಇದ್ದವು. ಬೆಳಿಗ್ಗೆ ಅಮ್ಮ ಮೇಲೆ ಹತ್ತಿ ಒಂದೊಂದನ್ನೇ ತೆಗೆದು, ಸ್ವಲ್ಪ ಹೊತ್ತು ಬಿಟ್ಟು, ಮುಚ್ಚುತ್ತಿದ್ದಳು. ಒಂದನ್ನು ಮುಚ್ಚಿದರೆ ಪಕ್ಕದವರಿಗೆ ಗೊತ್ತೇ ಆಗುತ್ತಿರಲಿಲ್ಲ. ಅಷ್ಟು ಅಚ್ಚುಕಟ್ಟು.

ಅದೇ ಹೊತ್ತಿಗೆ ಊರಿನಿಂದ ಶಿವಲೀಲಕ್ಕನ ತಾಯಿ ನೀಲವ್ವ ಬಂದರು. ಸಕ್ಕರೆ ಕಾಯಿಲೆಯವರು, ಪಾದದಲ್ಲಿ ವಾಸಿಯಾಗದ ಒಂದು ಗಾಯ. ಬೆಂಗಳೂರಿನ ದೊಡ್ಡಾಸ್ಪತ್ರೆಯಲ್ಲಿ ತೋರಿಸಲು ಕರೆಸಿಕೊಂಡಿದ್ದಳು. ಗಾಯವನ್ನು ದಿನಾ ತೊಳೆಯಬೇಕು, ಸುತ್ತಿದ ಬಟ್ಟೆಯನ್ನು ಕುದಿಸಿ ಒಗೆಯಬೇಕು, ಕೊಳೆ ತಗುಲಿದರೆ ಕಾಲೇ ಹೋಗುತ್ತದೆ ಎಂದು ಡಾಕ್ಟರು ಹೆದರಿಸಿ ಕಳಿಸಿದ್ದರು. ಕೊನೆಯ ಮನೆಯ ತಂತಿಯ ಮೇಲೆ ದಿನಾ ಬಿಳಿ ಬಟ್ಟೆಯ ಪಟ್ಟಿಗಳು ಹಾರಾಡತೊಡಗಿದವು. ಅವನ್ನು ಅಮ್ಮ ನೋಡಿದಳು.

"ಕೊನೆ ಮನೇಲಿ ಇನ್ನೊಂದ್ ಜೀವ ಬಂದ್ ಕೂತದೆ" ಎಂದಳು. "ಬೆಳಗಾದ್ರೆ ಒಗೆಯೋದೇ ಒಗೆಯೋದು. ಅವ್ರಿಗೇ ಬಿಟ್ರೆ ಬಾಕಿಯೋರು ಎಲ್ಲಿಗೋಗ್ಬೇಕು?"

"ಅಜ್ಜಿಗೆ ಕಾಲಲ್ಲಿ ಗಾಯ ಅಮ್ಮ. ತೊಳೀಬೇಕಲ್ವಾ?"

"ತೊಳೀಬ್ಯಾಡ ಅಂದ್ನಾ? ಇರೋದ್ರಲ್ಲೇ ತೊಳ್ಕೊಳ್ಳಿ."

ಮರುದಿನದಿಂದ ಕೊನೆಯ ವಾಲ್ವನ್ನು ಎಲ್ಲಕ್ಕಿಂತ ತಡವಾಗಿ ತೆಗೆದು ಎಲ್ಲಕ್ಕಿಂತ ಮೊದಲು ಮುಚ್ಚಿದಳು. ನಾನು ಒಂದೆರಡು ಸಲ ವಾದ ಮಾಡಿದೆ. ಅಮ್ಮ ಮಾತು ಬಿಟ್ಟಳು. ಹೊರಗೆ ಬಸ್ ಕಂಡಕ್ಟರಿನ ಜೊತೆ ಚಿಲ್ಲರೆಗೆ ಜಗಳ ಕಾಯುವ ನಾನು ಅಮ್ಮನ ಮೌನದ ಮುಂದೆ ಬೆಕ್ಕಿನ ಮರಿ. ಸರಿ, ಮಾತಿನಿಂದ ಆಗದಿದ್ದರೆ ಕೈಯಿಂದ ಮಾಡೋಣ ಎಂದುಕೊಂಡೆ. ಬೆಳಗಿನ ಪಾಳಿಗೆ ನಾನು ಅಮ್ಮನಿಗಿಂತ ಮೊದಲು ಏಳುತ್ತಿದ್ದೆ. ಸದ್ದಾಗದಂತೆ ಟೆರೇಸಿಗೆ ಹತ್ತಿ ಕೊನೆಯ ವಾಲ್ವು ತೆಗೆಯುವುದು, ಹಲ್ಲುಜ್ಜಿ ಕಾಫಿ ಕುಡಿಯುವಷ್ಟು ಹೊತ್ತು ಬಿಡುವುದು, ಮತ್ತೆ ಹತ್ತಿ ಮುಚ್ಚಿ ಬಸ್ಸಿಗೆ ಓಡುವುದು.

ಕೆಲವು ದಿನ ಕಳೆದ ಮೇಲೆ ಶಿವಲೀಲಕ್ಕ ಟೀ ಹೊತ್ತಿನಲ್ಲಿ "ನಿಮ್ಮ ಅಮ್ಮಾರು ಒಳ್ಳೇರು ಬಿಡು. ಬಾಯಿ ಅಷ್ಟ ಜೋರು. ನಸುಕಿನ್ಯಾಗ ನಮಗಂತನ ನೀರು ಬಿಡ್ತಾರ, ಯಾರಿಗೂ ಹೇಳಾಂಗಿಲ್ಲ" ಎಂದಳು. ಅದು ಅಮ್ಮನಲ್ಲ, ನಾನು ಎನ್ನದೆ ಲೋಟ ತೊಳೆಯಲು ಎದ್ದೆ. ನಿಜ ಹೇಳಬೇಕೆಂದರೆ ಒಳಗೊಳಗೇ ಹಿಗ್ಗಿದೆ. ಕದ್ದು ಒಳ್ಳೆಯವಳಾಗುವುದರಲ್ಲಿ ಒಂದು ರುಚಿ ಇದೆ, ಅದನ್ನು ಒಬ್ಬಳೇ ಚಪ್ಪರಿಸುತ್ತಿದ್ದೆ.

ಆಮೇಲೆ ಆ ದಿನ ಬಂತು. ಎದ್ದದ್ದು ತಡವಾಗಿತ್ತು. ಓಡಿ ವಾಲ್ವು ತೆಗೆದೆ, ಓಡಿ ಕೆಳಗೆ ಬಂದೆ, ಬಸ್ಸಿನ ಸದ್ದು ಕೇಳಿ ಚಪ್ಪಲಿ ಮೆಟ್ಟಿಕೊಂಡು ಓಡಿದೆ. ಮುಚ್ಚಲಿಲ್ಲ. ಶಿವಲೀಲಕ್ಕ ಅವತ್ತು ರಜೆ ಹಾಕಿ, ಆಸ್ಪತ್ರೆಯಲ್ಲಿ ಬೇಗ ಟೋಕನ್ ಸಿಗಲೆಂದು ಗಂಡನನ್ನೂ ಎಬ್ಬಿಸಿಕೊಂಡು, ನಾನು ಏಳುವುದಕ್ಕೂ ಮೊದಲೇ ತಾಯಿಯ ಜೊತೆ ಹೊರಟುಹೋಗಿದ್ದಳು. ಹೋಗುವಾಗ ನೀರಿಲ್ಲದ ಕಾಲದಲ್ಲಿ ಎಲ್ಲರೂ ಮಾಡುವುದನ್ನೇ ಮಾಡಿದ್ದಳು. ನಲ್ಲಿ ತಿರುಗಿಸಿಟ್ಟು, ಕೆಳಗೆ ಬಕೆಟ್ ಇಟ್ಟಿದ್ದಳು, ಬಂದಷ್ಟು ಬೀಳಲಿ ಎಂದು. ಅಮ್ಮ ಹಿಂದಿನ ದಿನವಷ್ಟೇ ಟ್ಯಾಂಕರಿನಿಂದ ತುಂಬಿಸಿದ್ದ ಟ್ಯಾಂಕು ಪೂರ್ತಿಯಾಗಿ ಆ ಬಕೆಟ್ಟಿಗೆ ಬಂದು, ಬಕೆಟ್ ತುಂಬಿ, ಬಚ್ಚಲಿನ ಮೋರಿಯಲ್ಲಿ ಹರಿದು ಹೋಯಿತು. ಬೀಗ ಹಾಕಿದ ಮನೆಯೊಳಗಿನ ಸದ್ದು ಯಾರಿಗೂ ಕೇಳಲಿಲ್ಲ. ಅಮ್ಮ ಎದ್ದು ಮೇಲೆ ಹತ್ತುವ ಹೊತ್ತಿಗೆ ಟ್ಯಾಂಕಿನ ತಳ ಕಾಣುತ್ತಿತ್ತು, ಕೊನೆಯ ವಾಲ್ವು ತೆರೆದೇ ಇತ್ತು.

ಪಾಳಿ ಮುಗಿಸಿ ನಾನು ಬೀದಿಯ ತಿರುವಿಗೆ ಬರುವುದಕ್ಕೂ, ಗೇಟಿನ ಮುಂದೆ ಆಟೊ ನಿಲ್ಲುವುದಕ್ಕೂ ಸರಿಹೋಯಿತು. ಶಿವಲೀಲಕ್ಕ ತಾಯಿಯ ರಟ್ಟೆ ಹಿಡಿದು ಇಳಿಸುತ್ತಿದ್ದಳು. ಮಲ್ಲಪ್ಪ ನೇರ ಪಾಳಿಗೆ ಹೋಗಿದ್ದ. ನೀಲವ್ವನ ಕಾಲಿಗೆ ಹೊಸ ಬಿಳಿ ಪಟ್ಟಿ. ಸಾಲು ಮನೆಗಳವರೆಲ್ಲ ಖಾಲಿ ಕೊಡ ಹಿಡಿದು ಹೊರಗೆ ನಿಂತಿದ್ದರು. ಅಮ್ಮ ಗೇಟಿಗೆ ಅಡ್ಡ ನಿಂತಿದ್ದಳು.

"ಟೆರೇಸ್ ಅತ್ತಿ ವಾಲ್ ತಿರುಗ್ಸೋ ಅಷ್ಟು ಧೈರ್ಯ ಬಂತಾ ನಿಂಗೆ? ಎಲ್ಲಾರ್ ನೀರೂ ಒಬ್ಳೇ ಬಸ್ಕೊಂಡ್ಯಲ್ಲ! ಕಳ್ತನ ಅನ್ದೆ ಇದಕ್ಕೆ ಇನ್ನೇನಂತಾರೆ?"

"ನಾ ಮ್ಯಾಲ ಹತ್ತಿಲ್ರಿ ಅಮ್ಮಾರ. ನಸುಕಿನ್ಯಾಗ ದವಾಖಾನಿಗೆ ಹ್ವಾದಾಕಿ ಈಗ ಬರಾಕತ್ತೀನಿ."

"ಮತ್ತೆ ವಾಲ್ ಏನ್ ತಾನೇ ತಿರುಗ್ಕೊಂತಾ?"

ನೀಲವ್ವ ಒಂಟಿ ಕಾಲಿನ ಮೇಲೆ ಭಾರ ಹಾಕಿ, ಗೇಟಿನ ಕಂಬಿ ಹಿಡಿದು ನಿಂತಿದ್ದರು. ಯಾರೂ ಅವರಿಗೆ ಕೂರಲು ಹೇಳಲಿಲ್ಲ. ನನಗೆ ಬೆಳಗಿನ ಮೀಟಿಂಗು ನೆನಪಾಯಿತು. ಹೇಳಿಬಿಟ್ಟರೆ ಮುಗಿಯುತ್ತದೆ ಎಂದುಕೊಂಡು ಮುಂದೆ ಹೋದೆ.

"ಅಮ್ಮ, ವಾಲ್ವ್ ತೆಗ್ದಿದ್ದು ನಾನು. ಬೆಳಿಗ್ಗೆ ತೆಗ್ದೆ, ಮುಚ್ಚೋದ್ ಮರ್ತ್‌ಬಿಟ್ಟೆ. ಶಿವಲೀಲಕ್ಕಂದು ಏನೂ ತಪ್ಪಿಲ್ಲ."

ಅಮ್ಮ ನನ್ನನ್ನು ದಿಟ್ಟಿಸಿ ನೋಡಿ "ಒಳಗೋಗು" ಎಂದಳು. ಅಷ್ಟರಲ್ಲಿ ಎರಡನೇ ಮನೆಯ ಸರೋಜಮ್ಮ, ನನ್ನ ಬಗ್ಗೆ ಮೊದಲಿನಿಂದಲೂ ಅಕ್ಕರೆ ಇದ್ದವರು, ಗಟ್ಟಿಯಾಗಿ ಹೇಳಿದರು: "ಪಾಪ, ಜೊತೇಲ್ ಕೆಲ್ಸ ಮಾಡೋಳಲ್ವಾ, ಬಿಟ್‌ಕೊಡಕ್ಕೆ ಮನ್ಸಿಲ್ಲ. ತನ್ ಮೇಲೇ ಆಕ್ಕೊಂತಾಳೆ ನೋಡಿ. ಓನರ್ ಮಗಳು ಅಂದ್ರೆ ಇಂಗಿರ್ಬೇಕು."

ಎಲ್ಲರೂ ಹೌದು ಹೌದು ಎಂದು ತಲೆಯಾಡಿಸಿದರು. "ನಾನ್ ಸುಳ್ ಹೇಳ್ತಿಲ್ಲ! ದಿನಾ ನಾನೇ ತೆಗೀತಿದ್ದೆ!" ಎಂದು ಕೂಗಿದೆ. ಕೂಗಿದಷ್ಟೂ ಅವರ ಮುಖದಲ್ಲಿ ನನ್ನ ಬಗ್ಗೆ ಮರುಕ ಹೆಚ್ಚಾಯಿತು. ಯಾರೋ ಬಂದು ನನ್ನ ಬೆನ್ನು ಸವರಿದರು. ಶಿವಲೀಲಕ್ಕ ಮಾತ್ರ ನನ್ನ ಮುಖವನ್ನೇ ನೋಡುತ್ತಿದ್ದಳು. ಅವಳಿಗೆ ನಿಜ ಗೊತ್ತಾಗಿತ್ತು. ತಾಯಿಯ ತೋಳನ್ನು ತನ್ನ ಹೆಗಲಿಗೆ ಹಾಕಿಕೊಂಡು, ಪಕ್ಕದ ಓಣಿಯಿಂದ ನಿಧಾನವಾಗಿ ನಡೆಸಿಕೊಂಡು ಹೋದಳು.

ಅಡುಗೆಮನೆಯಲ್ಲಿ ಅಮ್ಮನಿಗೆ ಮತ್ತೆ ಹೇಳಿದೆ. ಯಾವತ್ತಿನಿಂದ, ಯಾಕೆ, ಹೇಗೆ, ಎಲ್ಲ. ಅಲ್ಲಿ ಯಾರೂ ಇರಲಿಲ್ಲವಾದ್ದರಿಂದ ಅಮ್ಮ ನಂಬಿದಳು. ಒಲೆಯ ಮುಂದೆ ನಿಂತವಳು ಹಾಲು ಉಕ್ಕಿ ಹೋದದ್ದನ್ನೂ ನೋಡಲಿಲ್ಲ.

"ಓಗಿ ಅವರ ಹತ್ರ ಒಂದ್ ಮಾತ್ ಹೇಳು ಅಮ್ಮ" ಎಂದೆ, ಅವಳ ಮಾತಿನ ಧಾಟಿಯಲ್ಲೇ.

"ಆಡಿದ್ದು ಆಡಾಯ್ತು. ಎಲ್ಲಾರ ಮುಂದೆ ಅಂದಿದ್ದೀನಿ, ಈಗ ಎಲ್ಲಾರ ಮುಂದೆ ಓಗಿ ನನ್ ಮಗ್ಳೇ ಮಾಡಿದ್ದು ಅನ್ಲಾ? ಗಂಡ ಇಲ್ದೋಳು ಇಷ್ಟ್ ಮನೆ ಆಳ್ಬೇಕು ಪವಿ. ಒಂದ್ಸಲ ಬಗ್ಗಿದ್ರೆ ಎಲ್ರೂ ತಲೆ ಮೇಲೆ ಕೂತ್ಕತಾರೆ."

ಅದರಲ್ಲಿ ಭಯವೂ ಇತ್ತು, ಸೊಕ್ಕೂ ಇತ್ತು. ನನಗೆ ಅವತ್ತು ಕಂಡದ್ದು ಸೊಕ್ಕು ಮಾತ್ರ. ಊಟ ಬಿಟ್ಟು ಮಲಗಿದೆ, ಅದರಿಂದ ಯಾರಿಗೂ ಏನೂ ಆಗಲಿಲ್ಲ.

ಮರುದಿನ ಲೈನಿನಲ್ಲಿ ಶಿವಲೀಲಕ್ಕ ಎಂದಿನಂತೆ ಚಾಸಿಯ ಹಳಿಗಳನ್ನು ಬೆರಳಿನಿಂದ ಸವರಿ ನೋಡುತ್ತಿದ್ದಳು. ಟೀ ಹೊತ್ತಿಗೆ ನನ್ನ ಪಕ್ಕ ಬಂದು ಕೂತಳು.

"ಅಷ್ಟು ದಿನಾನೂ ನೀರು ಬಿಟ್ಟಾಕಿ ನೀನ?"

"ಹೂಂ."

"ನಾ ನಿಮ್ಮವ್ವಗ ಮನಸ್ಸಿನ್ಯಾಗ ಕೈ ಮುಗದಿದ್ದೆ" ಎಂದು ಒಣಗಿದ ನಗು ನಕ್ಕಳು. ಆಮೇಲೆ ಲೋಟದೊಳಗೆ ನೋಡುತ್ತ ಹೇಳಿದಳು: "ನಿಮ್ಮವ್ವಗ ಹೇಳಿ ನೀರು ಬಿಡಬೇಕಿತ್ತು ಪವಿ. ಜಗಳಾಡಿ ಬಿಟ್ಟಿದ್ರ ನಿನಗ ಬೈತಿದ್ರು, ಅಷ್ಟ. ನೀ ಕದ್ದು ಬಿಟ್ಟಿ. ಕಳ್ಳತನ ನಮ್ಮ ಮ್ಯಾಲ ಬಂತು."

ನಾನು ಅತ್ತೆ. ಅವಳು ಸಮಾಧಾನ ಮಾಡಲಿಲ್ಲ, ಬಯ್ಯಲೂ ಇಲ್ಲ. ತಿಂಗಳ ಕೊನೆಗೆ ಟಿ. ದಾಸರಹಳ್ಳಿಯಲ್ಲಿ ಬೇರೆ ಮನೆ ನೋಡಿದ್ದೇವೆ ಎಂದಳು. ಹೋಗಬೇಡ ಎಂದು ಗೋಗರೆದೆ. "ಕಳ್ಳಿ ಅನ್ಸಕೊಂಡ ಮನ್ಯಾಗಿನ ನೀರು ನಮ್ಮವ್ವನ ಗಂಟಲದಾಗ ಇಳಿಯಾಂಗಿಲ್ಲ" ಎಂದಳು.

ಅಮ್ಮ ತನ್ನ ರೀತಿಯಲ್ಲಿ ತಪ್ಪು ಒಪ್ಪಿಕೊಂಡಳು. ಟ್ಯಾಂಕರು ಬಂದು ಟ್ಯಾಂಕು ತುಂಬಿದ ಮೇಲೆ ದಿನಾ ಕೊನೆಯ ವಾಲ್ವನ್ನೇ ಮೊದಲು ತೆಗೆದಳು, ಎಲ್ಲಕ್ಕಿಂತ ಹೆಚ್ಚು ಹೊತ್ತು ಬಿಟ್ಟಳು. ಆದರೆ ಟ್ಯಾಂಕಿನ ಮಟ್ಟ ಇಳಿಯಲೇ ಇಲ್ಲ. ಕೊನೆಯ ಮನೆಯವರು ನಲ್ಲಿಯನ್ನು ಬಿಗಿಯಾಗಿ ಮುಚ್ಚಿದ್ದರು. ಮಲ್ಲಪ್ಪ ಪಾಳಿ ಮುಗಿಸಿ ಬಂದು, ಮಲಗುವ ಬದಲು ಸೈಕಲ್ಲಿಗೆ ಕ್ಯಾನು ಕಟ್ಟಿಕೊಂಡು ಎಲ್ಲಿಂದಲೋ ನೀರು ತರುತ್ತಿದ್ದ. ಅಮ್ಮ ಟೆರೇಸಿನ ಮೇಲೆ ನಿಂತು ಟ್ಯಾಂಕಿನೊಳಗೆ ಬಗ್ಗಿ ನೋಡುತ್ತ "ಯಾಕ್ ನೀರ್ ಇಡೀತಿಲ್ಲ ಅವ್ರು?" ಎಂದು ನನ್ನನ್ನು ಕೇಳಿದಳು. ಅವಳಿಗೆ ಗೊತ್ತಿತ್ತು. ಗೊತ್ತಿದ್ದೂ ಕೇಳಿದಳು.

ಭಾನುವಾರ ಬೆಳಿಗ್ಗೆ ಗೂಡ್ಸ್ ಆಟೊ ಬಂತು. ಸಾಮಾನು ಬಹಳ ಇರಲಿಲ್ಲ. ಎಲ್ಲ ತುಂಬಿದ ಮೇಲೆ ಶಿವಲೀಲಕ್ಕ ಒಳಗೆ ಹೋಗಿ, ಸೈಕಲ್ಲಿನಲ್ಲಿ ತಂದ ನೀರು ಉಳಿದಿತ್ತಲ್ಲ, ಅದರಲ್ಲಿ ನೆಲ ತೊಳೆದಳು. ಗೋಡೆಯ ಮೊಳೆಯ ತೂತುಗಳಿಗೆ ಮೊದಲೇ ಬಿಳಿ ಸಿಮೆಂಟು ತುಂಬಿಸಿದ್ದಳು. ಕಿಟಕಿ ಮುಚ್ಚಿ ಅಗುಳಿ ಹಾಕಿದಳು. ಬಾಡಿಗೆಯವರು ಬಿಟ್ಟಾಗ ಅಮ್ಮ ಗೋಡೆ ಗೋಡೆ ತಡವಿ ಏನಾದರೊಂದು ಕುಂದು ಹುಡುಕುವವಳು, ಅವತ್ತು ಹೊಸ್ತಿಲಿನ ಹತ್ತಿರ ನಿಂತವಳು ಒಳಗೆ ಕಾಲಿಡಲಿಲ್ಲ. ಕೈಯಲ್ಲಿ ಅರಿಶಿನ ಕುಂಕುಮದ ತಟ್ಟೆ ಇತ್ತು.

ಶಿವಲೀಲಕ್ಕ ಬೀಗದ ಕೈ ಕೊಟ್ಟಳು. ತಲೆ ಬಗ್ಗಿಸಿ ಕುಂಕುಮ ಇಡಿಸಿಕೊಂಡಳು. ನಾನು ನೀಲವ್ವನನ್ನು ಆಟೊದ ಮುಂದಿನ ಸೀಟಿಗೆ ಹತ್ತಿಸುತ್ತಿದ್ದೆ. ಅವರ ಪಾದದ ಪಟ್ಟಿಯ ಒಂದು ತುದಿ ಸಡಿಲವಾಗಿತ್ತು, ಅದನ್ನು ಒಳಗೆ ಸಿಕ್ಕಿಸಿದೆ. ಅವರು ನನ್ನ ತಲೆಯ ಮೇಲೆ ಕೈ ಇಟ್ಟು, ಆಮೇಲೆ ನನ್ನ ಹಿಂದೆ ನಿಂತಿದ್ದ ಅಮ್ಮನ ಕಡೆ ನೋಡಿ, ದೊಡ್ಡ ದನಿಯಲ್ಲಿ ಹೇಳಿದರು:

"ತಣ್ಣಗಿರ್ರೆವ್ವಾ. ನಿಮ್ಮ ಮನಿ ತಣ್ಣಗಿರ್ಲಿ."

ಆ ಕಡೆಯವರು ಯಾರ ಮನೆಯಿಂದ ಹೊರಟರೂ ಹಾಗೆ ಹರಸುತ್ತಾರೆ ಎಂದು ಆಮೇಲೆ ತಿಳಿಯಿತು. ಅವರ ದನಿಯಲ್ಲಿ ಕುಟುಕು ಇರಲಿಲ್ಲ. ಇದ್ದಿದ್ದರೆ ಚೆನ್ನಾಗಿತ್ತು. ಅಮ್ಮ ತಟ್ಟೆ ಹಿಡಿದುಕೊಂಡೇ ಒಳಗೆ ಹೋದಳು.

ಕಾರ್ಖಾನೆಯಲ್ಲಿ ಶಿವಲೀಲಕ್ಕ ನನಗೆ ಕಲಿಸುವುದನ್ನು ನಿಲ್ಲಿಸಲಿಲ್ಲ. ಅಲ್ಲಿ ಅವಳು ಅಕ್ಕನೇ, ನಾನು ತಂಗಿಯೇ. ಬಸ್ಸು ಮಾತ್ರ ಬೇರೆಯಾಯಿತು, ತಿರುವಿನಲ್ಲಿ ಹಿಂದೆ ಉಳಿಯಲು ಯಾರೂ ಇರಲಿಲ್ಲ. ಮಳೆ ಶುರುವಾದ ಮೇಲೆ ಒಂದು ದಿನ "ಅವ್ವನ ಕಾಲು ಮಾಯ್ದೈತಿ, ಊರಿಗೆ ಹ್ವಾದ್ಲು" ಎಂದಳು. ನಾನು ಬಾತ್‌ರೂಮಿಗೆ ಹೋಗಿ ಮುಖ ತೊಳೆದುಕೊಂಡು ಬಂದೆ. ಮುಂದಿನ ವರ್ಷ ಕಂಪನಿಯವರು ದೊಡ್ಡ ಚಾಸಿಗಳನ್ನು ಬಿಟ್ಟು, ಸ್ಲಾಟೇ ಇಲ್ಲದ ಚಪ್ಪಟೆ ಡಬ್ಬಗಳಿಗೆ ಹೋದರು. ಅದರಲ್ಲಿ ಒಂದು ಕೆಟ್ಟರೆ ಇಡೀ ಡಬ್ಬವನ್ನೇ ಎಸೆಯುವುದು, ಕಾರ್ಡು ತಳ್ಳುವವರ ಅಗತ್ಯ ಇಲ್ಲ. ಲೈನು ಚದುರಿತು, ನಾನು ಹಳೆಯ ಚಾಸಿಗಳನ್ನು ರಿಪೇರಿ ಮಾಡುವ ಈ ಕೆಲಸಕ್ಕೆ ಬಂದೆ. ಅವಳ ನಂಬರು ನನ್ನ ಫೋನಿನಲ್ಲಿ ಇದೆ. ಹಬ್ಬಕ್ಕೆ ಇಬ್ಬರೂ ಹೂವಿನ ಚಿತ್ರ ಕಳಿಸಿಕೊಳ್ಳುತ್ತೇವೆ. ಫೋನು ಮಾಡಿ ಮಾತಾಡಲು ನನಗೆ ಮುಖವಿಲ್ಲ.

ಇಷ್ಟೇ ಆಗಿದ್ದರೆ ಹಳೆಯ ನಾಚಿಕೆ ಎಂದು ಬಿಡಬಹುದಿತ್ತು. ಆದರೆ ನಮ್ಮ ಬೀದಿಯಲ್ಲಿ ಈ ಕತೆ ಸತ್ತಿಲ್ಲ. ಸರೋಜಮ್ಮ ಮನೆ ಬಿಡುವ ಮೊದಲು ಹತ್ತಾರು ಜನಕ್ಕೆ ಹೇಳಿ ಹೋದರು. ಅಮ್ಮ ಮೊದಲು ಸುಮ್ಮನಿದ್ದವಳು ಬರಬರುತ್ತ ತಾನೂ ಹೇಳತೊಡಗಿದಳು. ಒಬ್ಬಳು ಬಾಡಿಗೆಯವಳು ನೀರು ಕದ್ದಳು, ನನ್ನ ಮಗಳು ಅವಳ ಮಾನ ಉಳಿಸಲು ತಾನೇ ಕದ್ದೆ ಎಂದು ಸುಳ್ಳು ಹೇಳಿದಳು, ಅಂತಹ ಮನಸ್ಸು. ಎಷ್ಟು ಸಲ ಹೇಳಿದ್ದಾಳೆಂದರೆ, ಒಲೆಯ ಮುಂದೆ ನಾನು ಹೇಳಿದ್ದು ಅವಳಿಗೆ ಈಗ ನೆನಪಿದೆಯೋ ಇಲ್ಲವೋ ನನಗೇ ಗೊತ್ತಿಲ್ಲ. ಒಮ್ಮೆ ಜಗಳವಾಡಿ ನೆನಪಿಸಲು ನೋಡಿದೆ. "ಬಿಡೇ, ನಿನ್ ಬಗ್ಗೆ ಒಳ್ಳೇದೇ ತಾನೇ ಏಳ್ತಿರೋದು" ಎಂದಳು.

ಎಲೆಕ್ಟ್ರಾನಿಕ್ ಸಿಟಿಯಲ್ಲಿ ಆ ತಗಡಿನ ಪಟ್ಟಿ ಬಿಗಿದು ಬಂದ ವಾರದ ಕೊನೆಗೆ, ಅಮ್ಮನನ್ನು ನೋಡಲು ಬಾಗಲಗುಂಟೆಯ ಮನೆಗೆ ಹೋಗಿದ್ದೆ. ಕೊನೆಯ ಮನೆಗೆ ಕೋಲಾರದ ಕಡೆಯ ಒಂದು ಹುಡುಗಿ ಹೊಸದಾಗಿ ಬಂದಿದ್ದಾಳೆ. ಕವಿತಾ ಎಂದು ಹೆಸರು, ಗಾರ್ಮೆಂಟ್ಸಿಗೆ ಹೋಗುತ್ತಾಳೆ. ಗೇಟಿನ ಹತ್ತಿರ ಸಿಕ್ಕಿ, ತಲೆ ತಗ್ಗಿಸಿ, ಎರಡು ಹೆಜ್ಜೆ ಹಿಂದೆ ನಿಂತಳು.

"ಅಕ್ಕ, ನಿಮ್ಮ ಬಗ್ಗೆ ಓನರಮ್ಮ ಹೇಳಿದ್ರು. ನಮ್ಮನೇಲಿ ಮುಂಚೆ ಇದ್ದೋಳು ನೀರು ಕದ್ದಿದ್ದಕ್ಕೆ ನೀವೇ ತಪ್ಪು ಒಪ್ಕೊಂಡ್ರಂತೆ. ಎಷ್ಟು ಒಳ್ಳೇ ಮನ್ಸು ಅಕ್ಕ ನಿಮ್ದು."

ಚಾಸಿಯ ಪಕ್ಕ ನಿಂತು ಹೇಳಿದ ಹಾಗೆ, ಒಂದೊಂದೇ ಮಾತು ಬಿಡಿಸಿ ಹೇಳಿದೆ. "ಇಲ್ಲ ಕವಿತಾ. ಅವರು ಕದ್ದಿಲ್ಲ. ವಾಲ್ವ್ ತೆಗ್ದಿದ್ದು ನಾನೇ, ಮುಚ್ಚೋದ್ ಮರ್ತಿದ್ದೂ ನಾನೇ. ಅವರ ಹೆಸರು ಶಿವಲೀಲಾ. ನಂಗೆ ಕೆಲಸ ಕಲಿಸಿದೋರು."

ಅವಳು ನನ್ನನ್ನು ಕಣ್ಣು ತುಂಬ ನೋಡಿದಳು. ಅವಳ ಕಣ್ಣು ಒದ್ದೆಯಾಗಿತ್ತು.

"ನೋಡಿ ಅಕ್ಕ" ಎಂದಳು, "ಇವತ್ತಿಗೂ ಬಿಟ್‌ಕೊಡಲ್ಲ ಅಲ್ವಾ ನೀವು."